ಉತ್ತರವಾದ ಬಳಿಕದ ತಿದ್ದುಪಡಿ

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ, ಈಗ ನಗರದೊಳಗೇ ಸೇರಿಹೋಗಿರುವ ಆಲ್ಕೊಳದ ಆಸುಪಾಸಿನಲ್ಲಿ ಅಡಕೆಯ ವ್ಯವಹಾರ ಮಾಡುವವರಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆಯೇ ತಿಳಿದಿರುತ್ತದೆ: ಮೂಟೆಯೊಳಗಿನ ಮಾಲನ್ನು ಒಂದೊಂದು ಕಾಯಾಗಿ ನೋಡಿ ಕೊಳ್ಳುವವನು ಯಾವನೂ ಇಲ್ಲ. ಹಸಿಗಾಯನ್ನು ಸುಲಿದು, ಬೇಯಿಸಿ, ಚೊಗರಿನ ಬಣ್ಣ ಕೊಟ್ಟು, ಬಿಸಿಲಿಗೆ ಹರಡಿ ಒಣಗಿಸಿ, ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆಬಗೆಯಾಗಿ ಹೆಸರಿಟ್ಟು ಮಂಡಿಗೆ ತಂದ ಪದಾರ್ಥದಲ್ಲಿ ಕೊಳ್ಳುವವನ ಕೈಗೆ ಬರುವುದು ಮಾದರಿಯ ಒಂದು ಹಿಡಿ ಮಾತ್ರ. ಉಳಿದುದೆಲ್ಲವೂ ಮಾತಿನ ಮೇಲೆ ನಿಂತಿರುತ್ತದೆ. ಇದು ಈ ವರ್ಷದ ಬೆಳೆ, ಹಳೆಯದು ಬೆರೆತಿಲ್ಲ, ಹೊರಸೀಮೆಯದು ಸೇರಿಲ್ಲ ಎಂದು ಮಾರುವವನು ಹೇಳುತ್ತಾನೆ. ಕೊಳ್ಳುವವನು ಆ ಮಾತನ್ನು ನಂಬಿ ಹಣವನ್ನು ಎಣಿಸುತ್ತಾನೆ. ವಾಣಿಜ್ಯವೆಂಬ ಮಹಾವ್ಯವಸ್ಥೆಯ ತಳದಲ್ಲಿ ಹೀಗೆ ವಾಕ್ಕೂ ವಿಶ್ವಾಸವೂ ಒಂದನ್ನೊಂದು ಆತುಕೊಂಡಿವೆ. ವಾಕ್ಕು ಸುಳ್ಳಾದಾಗ ಹುಟ್ಟುವ ವ್ಯಾಜ್ಯವು ಆದಕಾರಣ ಬರಿಯ ಹಣದ ವ್ಯಾಜ್ಯವಲ್ಲ, ಅದು ಧರ್ಮಜಿಜ್ಞಾಸೆಗೂ ವಿಷಯವಾಗತಕ್ಕದ್ದು.

ಅಂಥ ಒಂದು ವ್ಯಾಜ್ಯವನ್ನು ಕಲ್ಪಿಸಿಕೊಳ್ಳೋಣ. ಇದರಲ್ಲಿ ಬರುವವರು ಯಾರೂ ನಿಜವಾಗಿ ಇದ್ದವರಲ್ಲ. ಒಬ್ಬ ವರ್ತಕನು ಇನ್ನೂರು ಮೂಟೆ ರಾಶಿ ಅಡಕೆಯನ್ನು ಹೊಸ ಬೆಳೆಯೆಂಬ ಮಾತಿನ ಮೇಲೆ ಕೊಂಡು ಉತ್ತರದೇಶದ ವ್ಯಾಪಾರಿಗೆ ಕಳುಹಿಸಿದನು; ಮಾಲು ಹಳತು ಬೆರೆತದ್ದೆಂದು ಅಲ್ಲಿಂದ ಹಿಂದಿರುಗಿತು. ಆತನು ದಾವೆ ಹೂಡಿದನು. ವಾದಪತ್ರದಲ್ಲಿ ಹೇಳಿದ್ದು ಇಷ್ಟೆ: ಮಾಲು ಮಾದರಿಗೆ ಸರಿಹೊಂದಲಿಲ್ಲ, ನಷ್ಟವನ್ನು ತುಂಬಿಕೊಡಿಸಬೇಕು. ಪ್ರತಿವಾದಿಯು ಉತ್ತರ ಕೊಟ್ಟನು, ವಿವಾದಾಂಶಗಳು ರಚಿತವಾದುವು, ಸಾಕ್ಷಿಗಳು ನಡೆಯತೊಡಗಿದುವು. ಎರಡು ವರ್ಷ ಕಳೆದ ಮೇಲೆ, ಪಾಟೀಸವಾಲಿನ ನಡುವೆ, ಪ್ರತಿವಾದಿಯದೇ ಲೆಕ್ಕದ ಕಟ್ಟಿನಿಂದ ಒಂದು ಕಾಗದ ಹೊರಬಿದ್ದಿತು: ಮಾರಾಟಕ್ಕೆ ಮೊದಲೇ ಹಳೆಯ ಮಾಲು ಬೆರೆಸಿದ ವಿಷಯ ಆತನಿಗೆ ಗೊತ್ತಿತ್ತು. ಆಗ ವಾದಿಯ ವಕೀಲರು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 6 ರೂಲ್ 17ರ ಕೆಳಗೆ ತಿದ್ದುಪಡಿಗಾಗಿ ಒಂದು ಅರ್ಜಿಯನ್ನು ಹಾಕಿ, ಇದು ಗುಣದ ಕೊರತೆಯಲ್ಲ, ತಿಳಿದೂ ಆಡಿದ ಸುಳ್ಳು ಎಂದು ಸೇರಿಸಲು ಅನುಮತಿಯನ್ನು ಬೇಡಿದರು. ಅದರ ಜೊತೆಗೇ, ತೂಕದಲ್ಲಿಯೂ ವಂಚನೆಯಾಗಿತ್ತೆಂಬ ಇನ್ನೊಂದು ಆರೋಪವನ್ನೂ ಕೂಡಿಸಿದರು. ತೂಕದ ಚೀಟಿಯಾದರೋ ಮೊದಲ ದಿನದಿಂದಲೂ ವಾದಿಯ ಪೆಟ್ಟಿಗೆಯಲ್ಲಿಯೇ ಇತ್ತು.

ಇಲ್ಲಿ ನ್ಯಾಯಾಧಿಪತಿಯ ಮುಂದೆ ನಿಲ್ಲುವ ಪ್ರಶ್ನೆ ಕಾನೂನಿನದಾಗಿ ತೋರಿದರೂ ಅದರ ಬೇರು ತತ್ತ್ವದಲ್ಲಿದೆ. ಸತ್ಯಕ್ಕೆ ಕಾಲದ ಗಡಿಯುಂಟೆ? ಮೂರು ಕಾಲದಲ್ಲಿಯೂ ಬಾಧಿತವಾಗದುದೇ ಸತ್ಯವೆಂದು ನಮ್ಮ ದಾರ್ಶನಿಕರು ಹೇಳುವರಾದರೆ, ನಿನ್ನೆ ಹೇಳಲಿಲ್ಲವೆಂಬ ಕಾರಣಕ್ಕೆ ಇಂದು ಸತ್ಯವನ್ನು ಬಾಗಿಲಾಚೆ ನಿಲ್ಲಿಸುವುದು ಯಾವ ಧರ್ಮ?

ಈ ಪ್ರಶ್ನೆಯನ್ನು ಯಾಜ್ಞವಲ್ಕ್ಯಸ್ಮೃತಿಯು ವ್ಯವಹಾರಾಧ್ಯಾಯದ ಒಂದೇ ಶ್ಲೋಕದಲ್ಲಿ ಎರಡು ಕಡೆಯಿಂದಲೂ ಹಿಡಿದಿರುವುದನ್ನು ಕಂಡು ನಾನು ಬೆರಗಾಗಿದ್ದೇನೆ. ಅದರ ಪೂರ್ವಾರ್ಧದ ಅಭಿಪ್ರಾಯ, ರಾಜನು ಮಾತಿನ ಛಲವನ್ನು ತಳ್ಳಿಹಾಕಿ ನಡೆದ ಸಂಗತಿಯ ಮೇಲೆ ವ್ಯವಹಾರವನ್ನು ನಿರ್ಣಯಿಸಬೇಕೆಂಬುದು. ಉತ್ತರಾರ್ಧದ ಅಭಿಪ್ರಾಯ, ನಡೆದ ಸಂಗತಿಯೇ ಆಗಿದ್ದರೂ ಮುಂದಿಡದೆ ಹೋದರೆ ವ್ಯವಹಾರದಲ್ಲಿ ಅದು ಸೋಲುತ್ತದೆಂಬುದು. ಪೂರ್ವಾರ್ಧವನ್ನು ಮಾತ್ರ ಓದಿದವನು ಯಾವ ತಿದ್ದುಪಡಿಯನ್ನಾದರೂ ಯಾವಾಗ ಬೇಕಾದರೂ ಒಪ್ಪಿಯಾನು. ಉತ್ತರಾರ್ಧವನ್ನು ಮಾತ್ರ ಓದಿದವನು ಯಾವುದನ್ನೂ ಒಪ್ಪಲಾರನು. ಸ್ಮೃತಿಕಾರನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವುಗಳ ನಡುವಣ ದಾರಿಯನ್ನು ಮುಂದಿನವರ ವಿವೇಕಕ್ಕೆ ಬಿಟ್ಟನು.

ಆ ದಾರಿಯನ್ನು ಬಹುದೂರ ನಡೆದವನು ಕನ್ನಡನಾಡಿನವನೇ ಆದ ವಿಜ್ಞಾನೇಶ್ವರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ಆತನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ದಾಯವಿಭಾಗಕ್ಕಾಗಿ ನಮ್ಮ ನ್ಯಾಯಾಲಯಗಳು ಶತಮಾನಗಳ ಮೇಲೆ ಶತಮಾನ ಕೈಯಲ್ಲಿ ಹಿಡಿದಿದ್ದುವು. ಆದರೆ ಅದರಲ್ಲಿ ವಾದಕ್ರಮವನ್ನು ಕುರಿತು ಇರುವ ಭಾಗಕ್ಕೆ ಅಷ್ಟು ಗಮನ ಸಂದಿಲ್ಲವೆಂಬುದು ನನಗೆ ಖೇದದ ವಿಷಯ. ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಪ್ರತಿಜ್ಞೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ತರುವ ಕ್ರಿಯೆ, ಕೊನೆಗೆ ನಿರ್ಣಯ. ವಾದಿಯು ಹೇಳಿದ್ದನ್ನು ಪ್ರತಿವಾದಿಯ ಎದುರಿನಲ್ಲಿಯೇ ಸಂವತ್ಸರ, ಮಾಸ, ಪಕ್ಷ, ದಿನ, ಹೆಸರುಗಳೊಡನೆ ಬರೆಯಿಸಬೇಕು. ಪ್ರಾಡ್ವಿವಾಕನು, ಎಂದರೆ ನ್ಯಾಯಾಧಿಪತಿಯು, ಆ ಹೇಳಿಕೆಯನ್ನು ಮೊದಲು ಹಲಗೆಯ ಮೇಲೆ ಬಳಪದಿಂದ ಬರೆಯಿಸಿ, ಶೋಧಿಸಿ, ಅನಂತರವೇ ಪತ್ರಕ್ಕೆ ಏರಿಸಬೇಕೆಂದು ಸ್ಮೃತಿಕಾರನಾದ ಕಾತ್ಯಾಯನನು ವಿಧಿಸುತ್ತಾನೆ. ಅಳಿಸಬಹುದಾದ ಬರಹ ಮೊದಲು, ಅಳಿಸಲಾಗದ ಬರಹ ಆಮೇಲೆ. ಮನುಷ್ಯನು ಒಂದೇ ಸಲಕ್ಕೆ ತನ್ನ ದುಃಖವನ್ನು ಸರಿಯಾಗಿ ಹೇಳಲಾರನೆಂಬ ಕರುಣೆಯೂ, ಹೇಳುತ್ತಲೇ ಇರಲು ಅವನಿಗೆ ಎಡೆಗೊಡಬಾರದೆಂಬ ಎಚ್ಚರವೂ ಆ ಹಲಗೆಯ ವಿಧಾನದಲ್ಲಿ ಜೊತೆಯಾಗಿವೆ.

ಎಲ್ಲಿಯವರೆಗೆ ಶೋಧಿಸಬಹುದು? ಇನ್ನೊಬ್ಬ ಸ್ಮೃತಿಕಾರನಾದ ನಾರದನ ಉತ್ತರ ಸ್ಪಷ್ಟವಾದುದು: ಎದುರಾಳಿಯ ಉತ್ತರವು ಕಾಣಿಸಿಕೊಳ್ಳುವವರೆಗೆ. ಉತ್ತರವು ಬಂದು ಪ್ರತಿಜ್ಞೆಯನ್ನು ಆತು ನಿಂತಿತೆಂದರೆ ಶೋಧನೆ ಮುಗಿಯಿತು. ಗಡಿಯನ್ನು ಆತನು ದಿನಗಳ ಎಣಿಕೆಯಲ್ಲಿ ಇಡಲಿಲ್ಲ. ವಾದಿಯು ಬಾಯಿ ತೆರೆದ ಗಳಿಗೆಯಲ್ಲಿಯೂ ಇಡಲಿಲ್ಲ. ಇನ್ನೊಬ್ಬನು ಆ ಮಾತನ್ನು ನೆಚ್ಚಿ ತನ್ನ ಹೆಜ್ಜೆಯನ್ನು ಇಟ್ಟ ಕ್ಷಣದಲ್ಲಿ ಇಟ್ಟನು. ಆಡಿದವನ ಮಾತು ಆಡಿದ ಮಾತ್ರಕ್ಕೆ ಅವನನ್ನು ಕಟ್ಟುವುದಿಲ್ಲ, ಕೇಳಿದವನು ಅದರ ಮೇಲೆ ನಿಂತಾಗ ಕಟ್ಟುತ್ತದೆ ಎಂಬುದೇ ಇದರ ಇಂಗಿತವೆಂದು ನಾನು ತಿಳಿಯುತ್ತೇನೆ.

ಈ ಮಾತನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕು. ಮಿಥ್ಯಾನಿರೂಪಣೆಯು ಯಾಕೆ ಅಪರಾಧ? ಏಕಾಂತದಲ್ಲಿ ಒಬ್ಬನು ತನ್ನ ಗೋಡೆಗೆ ಸುಳ್ಳು ಹೇಳಿದರೆ ಪಾಪವಾದೀತು, ವ್ಯಾಜ್ಯವಾಗದು. 1872ರ ಕರಾರು ಕಾಯಿದೆಯ 18ನೆಯ ಪ್ರಕರಣವು ತಪ್ಪು ನಿರೂಪಣೆಯನ್ನು ವಿವರಿಸುವಾಗ, ತಾನು ನಿಜವೆಂದೇ ನಂಬಿದ್ದರೂ ತಕ್ಕ ಆಧಾರವಿಲ್ಲದೆ ದೃಢವಾಗಿ ಹೇಳಿದ ಮಾತನ್ನೂ ಅದರೊಳಗೆ ಸೇರಿಸುತ್ತದೆ; 19ನೆಯ ಪ್ರಕರಣವು, ಆ ಮಾತಿನಿಂದಲೇ ಸಮ್ಮತಿ ಹುಟ್ಟಿದ್ದರೆ ಕರಾರನ್ನು ರದ್ದುಮಾಡಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಎಂದರೆ, ಒಬ್ಬನ ವಾಕ್ಕನ್ನು ನೆಚ್ಚಿ ಇನ್ನೊಬ್ಬನು ತನ್ನ ಸ್ಥಿತಿಯನ್ನು ಬದಲಿಸಿಕೊಂಡುದೇ ಅಲ್ಲಿಯ ಗಾಯ. ಈಗ ನಮ್ಮ ವಾದಿಯತ್ತ ನೋಡಿ. ನಿನ್ನ ಮಾತನ್ನು ನೆಚ್ಚಿ ನಾನು ಕೆಟ್ಟೆನೆಂದು ದೂರುತ್ತ ಬಂದ ಅವನು, ತಾನೂ ವಾದಪತ್ರವೆಂಬ ಒಂದು ಮಾತನ್ನು ಎದುರಾಳಿಗೆ ಕೊಟ್ಟಿದ್ದಾನೆ. ಎದುರಾಳಿಯು ಅದನ್ನು ನೆಚ್ಚಿ ಉತ್ತರವನ್ನು ಕಟ್ಟಿದ್ದಾನೆ, ಯಾವ ಸಾಕ್ಷಿಯನ್ನು ಕರೆಯಬೇಕು ಯಾರನ್ನು ಬಿಡಬೇಕೆಂದು ನಿಶ್ಚಯಿಸಿದ್ದಾನೆ, ಮಾಲಿನ ಮಾದರಿಯನ್ನು ಉಳಿಸಬೇಕೆ ಬೇಡವೆ ಎಂಬುದನ್ನೂ ಅದರ ಮೇಲೆಯೇ ತೀರ್ಮಾನಿಸಿದ್ದಾನೆ. ಎರಡು ವರ್ಷದ ಮೇಲೆ ವಾದಿಯು ತನ್ನ ಮಾತನ್ನು ಬದಲಿಸಿದರೆ, ಯಾವ ಧರ್ಮವನ್ನು ಆಶ್ರಯಿಸಿ ಅವನು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದನೋ ಆ ಧರ್ಮವೇ ಅವನ ಮೇಲೆಯೂ ಕೈಯಿಡುತ್ತದೆ. ತಡವಾದ ತಿದ್ದುಪಡಿಗೆ ಇರುವ ಗಟ್ಟಿಯಾದ ಆಕ್ಷೇಪಣೆ ಇದೇ. ಗಡಿಯಾರದ್ದಲ್ಲ, ನ್ಯಾಯಾಲಯದ ಕಡತಗಳ ಸಂಖ್ಯೆಯದೂ ಅಲ್ಲ.

ಇನ್ನೊಂದು ಭೇದವನ್ನು ಮಿತಾಕ್ಷರಾಕಾರನು ಕಂಡಿದ್ದಾನೆ; ವಾಣಿಜ್ಯವ್ಯಾಜ್ಯಕ್ಕೆ ಅದು ಬಹಳ ಹತ್ತಿರದ್ದು. ಹಣಕಾಸಿನ ವಿವಾದಗಳಲ್ಲಿ ಮಾತಿನ ಜಾರುವಿಕೆಯಿಂದ ಒಬ್ಬನು ದಂಡಕ್ಕೆ ಗುರಿಯಾದರೂ ಮೂಲದ ಹಕ್ಕನ್ನು ಕಳೆದುಕೊಳ್ಳನೆಂಬ ನಾರದನ ವಚನವನ್ನು ಎತ್ತಿಕೊಂಡು, ಹಣದ ವಿವಾದವೆಂದು ವಿಶೇಷಿಸಿ ಹೇಳಿರುವುದರಿಂದಲೇ, ಕ್ರೋಧದಿಂದ ಹುಟ್ಟಿದ ವಿವಾದಗಳಲ್ಲಿ ಹಾಗಲ್ಲವೆಂದು ತಿಳಿಯಬೇಕೆನ್ನುತ್ತಾನೆ. ಕಾಲಿನಿಂದ ತಲೆಗೆ ಒದೆದನೆಂದು ಮೊದಲು ದೂರಿ, ಆಮೇಲೆ ಕೈಯಿಂದ ಹೊಡೆದನೆಂದು ಹೇಳುವವನು ದಂಡವನ್ನೂ ತೆರುತ್ತಾನೆ, ವ್ಯಾಜ್ಯವನ್ನೂ ಸೋಲುತ್ತಾನೆ. ಕಾರಣ ಊಹ್ಯವೇ ಆಗಿದೆ. ಸಾಲದ ಮೊತ್ತವನ್ನು ತಪ್ಪಿ ಹೇಳಿದವನು ಎದುರಾಳಿಯ ಶೀಲವನ್ನು ಮುಟ್ಟಲಿಲ್ಲ. ದುಷ್ಕೃತ್ಯವನ್ನು ಆರೋಪಿಸಿದವನು ಮುಟ್ಟಿದ್ದಾನೆ. ನಮ್ಮ ಅಡಕೆಯ ದಾವೆಯು ಹುಟ್ಟುವಾಗ ಹಣದ ವಿವಾದವಾಗಿತ್ತು. ತಿದ್ದುಪಡಿಯ ಅರ್ಜಿಯು ಅದನ್ನು ಎರಡನೆಯ ವರ್ಗದ ಅಂಚಿಗೆ ಎಳೆದುಕೊಂಡು ಹೋಗುತ್ತಿದೆ. ಮಾಲು ಸರಿಯಿರಲಿಲ್ಲವೆನ್ನುವುದು ಒಂದು, ನೀನು ಸುಳ್ಳನೆನ್ನುವುದು ಇನ್ನೊಂದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 6 ರೂಲ್ 4, ವಂಚನೆ, ಮಿಥ್ಯಾನಿರೂಪಣೆ, ವಿಶ್ವಾಸಭಂಗಗಳನ್ನು ಹೇಳುವವನು ದಿನಾಂಕಗಳೊಡನೆ ವಿವರಗಳನ್ನು ಕೊಡಲೇಬೇಕೆಂದು ಕಟ್ಟುಮಾಡಿರುವುದು ಈ ವಿವೇಕದಿಂದಲೇ.

ಇಷ್ಟನ್ನು ಹೇಳಿದಮೇಲೆ ಎದುರು ಪಕ್ಷವನ್ನು ಕೇಳದೆ ಬಿಡುವುದು ಅನ್ಯಾಯ. ಸಾಲಗಾರನು ಸಾಲವನ್ನು ಬಚ್ಚಿಡಲಾರನು. ಒತ್ತುವರಿ ಮಾಡಿದವನು ಹೊಲವನ್ನು ಬಚ್ಚಿಡಲಾರನು. ಸುಳ್ಳಾಡಿದವನು ಮಾತ್ರ ತನ್ನ ಸುಳ್ಳನ್ನು ಬಚ್ಚಿಡಬಲ್ಲನು, ಬಚ್ಚಿಡುವುದೇ ಅದರ ಸ್ವಭಾವ. ಎಷ್ಟು ಚೆನ್ನಾಗಿ ಬಚ್ಚಿಟ್ಟರೆ ಅಷ್ಟು ತಡವಾಗಿ ಅದು ಬೆಳಕಿಗೆ ಬರುತ್ತದೆ. ಹಾಗಿರುವಾಗ ತಡವಾಯಿತೆಂದು ಬಾಗಿಲು ಮುಚ್ಚಿದರೆ, ಹೆಚ್ಚು ಕುಶಲನಾದ ವಂಚಕನಿಗೆ ಹೆಚ್ಚು ರಕ್ಷಣೆಯನ್ನು ಕೊಟ್ಟಂತಾಗುತ್ತದೆ. 1963ರ ಕಾಲಮಿತಿ ಕಾಯಿದೆಯ 17ನೆಯ ಪ್ರಕರಣವು ಇದನ್ನು ಮನಗಂಡು, ವಂಚನೆಯ ಸಂದರ್ಭದಲ್ಲಿ ಅದು ತಿಳಿದಂದಿನಿಂದ ಅಥವಾ ತಕ್ಕ ಜಾಗರೂಕತೆಯಿಂದ ತಿಳಿಯಬಹುದಾಗಿದ್ದಂದಿನಿಂದ ಅವಧಿಯನ್ನು ಎಣಿಸುತ್ತದೆ. ತಿದ್ದುಪಡಿಯ ನಿಯಮದ ಚರಿತ್ರೆಯೂ ಇದೇ ಕಡೆಗೆ ತಿರುಗಿತು. 1908ರ ಸಂಹಿತೆಯಲ್ಲಿ ಯಾವ ಹಂತದಲ್ಲಿಯೂ ತಿದ್ದಬಹುದೆಂದಿತ್ತು; 1999ರ ಕಾಯಿದೆಯು ಆ ನಿಯಮವನ್ನೇ ಅಳಿಸಹೊರಟಿತು; ಅದು ಜಾರಿಗೆ ಬರುವುದರೊಳಗಾಗಿ 2002ರ ಕಾಯಿದೆಯು ನಿಯಮವನ್ನು ಮರಳಿ ಸ್ಥಾಪಿಸಿ, ವಿಚಾರಣೆ ಪ್ರಾರಂಭವಾದಮೇಲೆ ತಿದ್ದಬೇಕಾದರೆ ತಕ್ಕ ಶ್ರದ್ಧೆಯಿದ್ದೂ ಮೊದಲು ಹೇಳಲಾಗಲಿಲ್ಲವೆಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕೆಂಬ ಕಟ್ಟನ್ನು ಹಾಕಿತು. ಸಾಕ್ಷಿಯ ಮುಖ್ಯವಿಚಾರಣೆಯ ಪ್ರಮಾಣಪತ್ರ ಸಲ್ಲಿಕೆಯಾದರೆ ವಿಚಾರಣೆ ಪ್ರಾರಂಭವಾದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 2008ರ ಡಿಸೆಂಬರಿನಲ್ಲಿ ಹೇಳಿದುದು ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ. ಮರುವರ್ಷ ರೇವಾಜೀತು ಬಿಲ್ಡರ್ಸ್ ಪ್ರಕರಣದಲ್ಲಿ, ಅದೂ ನಮ್ಮ ಹೈಕೋರ್ಟಿನಿಂದಲೇ ಹೋದುದು, ತಿದ್ದುಪಡಿಯನ್ನು ತೂಗಲು ಆರು ಅಂಶಗಳನ್ನು ಅದು ಹೇಳಿತು; ಅವುಗಳಲ್ಲಿ ನನಗೆ ಮುಖ್ಯವಾಗಿ ತೋರುವುವು ಅರ್ಜಿದಾರನ ಮನಸ್ಸು ಶುದ್ಧವೆ ಎಂಬುದು ಮತ್ತು ಎದುರಾಳಿಗೆ ಹಣದಿಂದ ತುಂಬಿಕೊಡಲಾಗದ ಹಾನಿಯುಂಟಾಗುವುದೆ ಎಂಬುದು.

ಕರಾರು ಕಾಯಿದೆಯ 19ನೆಯ ಪ್ರಕರಣ, ಕಾಲಮಿತಿಯ 17ನೆಯ ಪ್ರಕರಣ, ತಿದ್ದುಪಡಿಯ ನಿಯಮ, ಈ ಮೂರರಲ್ಲಿಯೂ ಕಾನೂನು ಮೋಸಹೋದವನನ್ನು ಒಂದೇ ಪ್ರಶ್ನೆಯನ್ನು ಕೇಳುತ್ತದೆ: ನೀನು ಎಚ್ಚರವಾಗಿದ್ದೆಯಾ? ಕೊಳ್ಳುವಾಗ ಒಮ್ಮೆ, ದಾವೆ ಹೂಡುವಾಗ ಒಮ್ಮೆ, ದಾವೆಯನ್ನು ತಿದ್ದುವಾಗ ಮತ್ತೊಮ್ಮೆ. ನಂಬಿದವನನ್ನು ಹೀಗೆ ಮೂರು ಬಾರಿ ಪರೀಕ್ಷಿಸುವುದು ಕಠಿಣವೆಂದು ಹಿಂದೆ ನನಗೆ ತೋರುತ್ತಿತ್ತು. ಈಗ ತೋರುವುದೇನೆಂದರೆ, ಆ ಪ್ರಶ್ನೆಯಲ್ಲಿ ನಂಬಿಕೆಯ ನಿಂದೆಯಿಲ್ಲ. ನಂಬಿಕೆಯನ್ನು ಅಲಸತೆಯಿಂದ ಬೇರ್ಪಡಿಸುವ ಪ್ರಯತ್ನವಿದೆ. ಕಾಣದುದನ್ನು ಕಾಣಲಿಲ್ಲವೆನ್ನುವವನಿಗೂ, ಕಂಡುದನ್ನು ನೋಡದೆ ಬಿಟ್ಟವನಿಗೂ ಒಂದೇ ಮನ್ನಣೆ ಸಲ್ಲಬಾರದು.

ನ್ಯಾಯದರ್ಶನಕಾರರೂ ಈ ವಿಷಯದಲ್ಲಿ ನಮಗೆ ನೆರವಾಗುತ್ತಾರೆ. ಇದೇ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿದ್ದ ಕೋಡಿಯ ಮಠದಲ್ಲಿ ವೇದ, ವ್ಯಾಕರಣಗಳೊಡನೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧಾದಿ ದರ್ಶನಗಳನ್ನೂ ಧರ್ಮಶಾಸ್ತ್ರಗಳನ್ನೂ ವ್ಯಾಖ್ಯಾನಿಸುತ್ತಿದ್ದರೆಂದು 1162ರ ಶಾಸನವು ಹೇಳುತ್ತದೆ. ಅಲ್ಲಿ ಕುಳಿತು ಗೌತಮನ ಸೂತ್ರಗಳನ್ನು ಓದಿದ ವಿದ್ಯಾರ್ಥಿಯು ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಕಲಿತೇ ಇರಬೇಕು. ನಿಗ್ರಹಸ್ಥಾನವೆಂದರೆ ವಾದಿಯು ಸೋತನೆಂದು ಸಾರತಕ್ಕ ಎಡೆ. ಮೊದಲು ಹೇಳಿದ ಪಕ್ಷವನ್ನು ಎದುರಾಳಿಯು ನಿಷೇಧಿಸಿದಾಗ ಅದನ್ನು ಉಳಿಸಲು ವಿಶೇಷಣ ಸೇರಿಸಿದ ಬೇರೊಂದು ಪ್ರತಿಜ್ಞೆಯನ್ನು ಮುಂದಿಡುವುದು ಪ್ರತಿಜ್ಞಾಂತರ, ಕೊಟ್ಟ ಹೇತು ನಿಲ್ಲದೆಂದು ಕಂಡು ಅದಕ್ಕೆ ವಿಶೇಷಣವನ್ನು ಸೇರಿಸುವುದು ಹೇತ್ವಂತರ. ನಮ್ಮ ತಿದ್ದುಪಡಿಯ ಅರ್ಜಿಗಳಲ್ಲಿ ಬಹುಪಾಲು ಇವೆರಡರ ಕೆಳಗೇ ಬರುವುವು. ಆದರೆ ನೈಯಾಯಿಕರು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿ, ಗೆಲುವಿಗಾಗಿ ನಡೆಯುವ ಜಲ್ಪದಲ್ಲಿ ಎಲ್ಲ ನಿಗ್ರಹಸ್ಥಾನಗಳಿಗೂ ಎಡೆಯುಂಟೆಂದೂ, ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವ ವಾದದಲ್ಲಿ ಕೆಲವಕ್ಕೆ ಮಾತ್ರ ಎಡೆಯೆಂದೂ ಹೇಳಿರುವರು. ಹೇತ್ವಾಭಾಸವನ್ನು ವಾದದಲ್ಲಿಯೂ ಎತ್ತಿ ತೋರಿಸಬೇಕು, ಏಕೆಂದರೆ ಅದನ್ನು ಬಿಟ್ಟರೆ ತತ್ತ್ವವೇ ಕೆಡುತ್ತದೆ. ಹೇತುವನ್ನು ತಿದ್ದಿಕೊಂಡವನನ್ನು ಮಾತ್ರ ಅಲ್ಲಿ ಸೋತನೆಂದು ಎಬ್ಬಿಸಿ ಕಳುಹಿಸಬೇಕಾಗಿಲ್ಲ.

ನ್ಯಾಯಾಲಯದಲ್ಲಿ ನಡೆಯುವುದು ವಾದವೋ ಜಲ್ಪವೋ? ಕಕ್ಷಿಗಳ ದೃಷ್ಟಿಯಿಂದ ಜಲ್ಪ, ನ್ಯಾಯಾಧಿಪತಿಯ ದೃಷ್ಟಿಯಿಂದ ವಾದ. ಇಂಗ್ಲೆಂಡಿನಲ್ಲಿ 1884ರಲ್ಲಿಯೇ ಬೋವೆನ್ ಎಂಬ ನ್ಯಾಯಾಧೀಶರು, ನ್ಯಾಯಾಲಯವಿರುವುದು ಕಕ್ಷಿಗಳ ತಪ್ಪಿಗೆ ಶಿಕ್ಷೆ ವಿಧಿಸುವುದಕ್ಕಲ್ಲ, ಅವರ ಹಕ್ಕುಗಳನ್ನು ನಿರ್ಣಯಿಸುವುದಕ್ಕೆ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದರು. ಅಂದು ಧಾರವಾಡ, ಬೆಳಗಾವಿ, ವಿಜಾಪುರಗಳ ವ್ಯಾಜ್ಯಗಳು ಮೇಲ್ಮನವಿಯಾಗಿ ಹೋಗುತ್ತಿದ್ದ ಮುಂಬಯಿ ಹೈಕೋರ್ಟು 1909ರಲ್ಲಿ ಅದೇ ಮನೋಧರ್ಮದಿಂದ ನಡೆದುಕೊಂಡಿತು: ಪಾಲುದಾರಿಕೆಯ ಮೇರೆಗೆ 4,001 ರೂಪಾಯಿಯ ಬಟ್ಟೆ ಕೊಟ್ಟೆವೆಂದು ಲೆಕ್ಕ ಕೇಳಿದವರು, ಪಾಲುದಾರಿಕೆಯೇ ಇರಲಿಲ್ಲವೆಂದು ತೀರ್ಮಾನವಾದಮೇಲೆ ಮೇಲ್ಮನವಿಯಲ್ಲಿ ಆ ಹಣವನ್ನೇ ಕೇಳಿದರು, ಹಣದ ದಾವೆಗೆ ಅಷ್ಟರಲ್ಲಿ ಕಾಲ ಮೀರಿತ್ತು, ಆದರೂ ತಿದ್ದುಪಡಿ ಸರಿಯೆಂದಾಯಿತು. ಸಂಗತಿಗಳು ಮೊದಲಿನಿಂದಲೂ ವಾದಪತ್ರದಲ್ಲಿದ್ದುವು, ಅವುಗಳಿಗೆ ಕೊಟ್ಟ ಹೆಸರು ಮಾತ್ರ ತಪ್ಪಿತ್ತು. ಆ ನಿರ್ಣಯದ ಔದಾರ್ಯವು ನನಗೆ ಮಾನ್ಯ. ಆದರೆ ಔದಾರ್ಯಕ್ಕೂ ಒಂದು ಕಡೆ ನಿಲುಗಡೆ ಬೇಕು. ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾನಿಲಯವು ಕಾಳ್ಗಿಚ್ಚಿನ ನಷ್ಟದ ಬಗ್ಗೆ ಹೂಡಿದ ವಿಮೆಯ ದಾವೆಯಲ್ಲಿ, ನಾಲ್ಕು ವಾರಗಳಿಗೆಂದು ಗೊತ್ತುಮಾಡಿದ್ದ ವಿಚಾರಣೆಯ ಮೂರನೆಯ ದಿನ, ವಿಮಾ ದಲ್ಲಾಳಿಯ ವಿರುದ್ಧ ಹೊಸ ಕಥನವನ್ನು ತರಲು ಹೊರಟಾಗ, ಅಲ್ಲಿಯ ಅತ್ಯುಚ್ಚ ನ್ಯಾಯಾಲಯವು 2009ರಲ್ಲಿ, ಖರ್ಚನ್ನು ಕೊಡಿಸಿದ ಮಾತ್ರಕ್ಕೆ ಎಲ್ಲ ಗಾಯವೂ ಮಾಯುವುದಿಲ್ಲವೆಂದು ಕಂಡಿತು. ನಮ್ಮಲ್ಲಿ 2022ರ ಸೆಪ್ಟೆಂಬರಿನಲ್ಲಿ ಜೀವವಿಮಾ ನಿಗಮದ ಒಂದು ಪ್ರಕರಣದಲ್ಲಿ, 1986ರ ದಾವೆಯೊಂದರಲ್ಲಿ ಪರಿಹಾರದ ಮೊತ್ತವನ್ನು ಸುಮಾರು ಒಂದು ಕೋಟಿಯಿಂದ ನಾನೂರು ಕೋಟಿಗೆ ಏರಿಸುವ ತಿದ್ದುಪಡಿಗೆ ಸರ್ವೋಚ್ಚ ನ್ಯಾಯಾಲಯವು ಒಪ್ಪಿತು. ಎರಡನ್ನೂ ಬೇರೆಬೇರೆ ನಾಡುಗಳ ರೀತಿಯೆಂದು ಬಿಡಬಹುದು. ನಾನು ಅಲ್ಲಿ ನಾರದನ ಭೇದವನ್ನೇ ಕಾಣುತ್ತೇನೆ. ಮೊತ್ತ ಎಷ್ಟೇ ದೊಡ್ಡದಾದರೂ ಅದು ಲೆಕ್ಕದ ಮಾತು. ಹೊಸ ಕಥನವು ಎದುರಾಳಿಯ ಕಾಲ ಕೆಳಗಿನ ನೆಲವನ್ನೇ ಬದಲಿಸುವ ಮಾತು.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ಬಂದಮೇಲೆ, ಅದರಲ್ಲಿಯೂ 2018ರಲ್ಲಿ ಮೌಲ್ಯದ ಮಿತಿಯನ್ನು ಮೂರು ಲಕ್ಷಕ್ಕೆ ಇಳಿಸಿದಮೇಲೆ, ಮಂಡಿಯ ಸಾಧಾರಣ ವ್ಯವಹಾರವೂ ಅದರ ಬಲೆಯೊಳಗೆ ಬಂದಿದೆ. ಅಲ್ಲಿ ಪ್ರತಿವಾದಿಯು ನೂರ ಇಪ್ಪತ್ತು ದಿನಗಳೊಳಗೆ ಉತ್ತರ ಕೊಡದಿದ್ದರೆ ಉತ್ತರಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ವಾದಿಯೂ ತನ್ನ ಹೇಳಿಕೆ ಸತ್ಯವೆಂದು ಪ್ರಮಾಣಪತ್ರವನ್ನು ಜೊತೆಗಿಡಬೇಕು. ಒಬ್ಬನ ಬಾಯಿಗೆ ನೂರ ಇಪ್ಪತ್ತನೆಯ ದಿನ ಬೀಗ ಹಾಕಿ, ಇನ್ನೊಬ್ಬನ ಬಾಯನ್ನು ವರ್ಷಗಟ್ಟಲೆ ತೆರೆದಿಡುವುದು ಸಮತೆಯಲ್ಲ. ಸತ್ಯವೆಂದು ಪ್ರಮಾಣ ಮಾಡಿದ ವಾದಪತ್ರದಲ್ಲಿ ವಂಚನೆಯ ಸುಳಿವೇ ಇಲ್ಲದೆ, ಆಮೇಲೆ ಅದೇ ಕೈಯಿಂದ ವಂಚನೆಯ ಪ್ರಮಾಣಪತ್ರ ಬಂದರೆ, ಎರಡರ ನಡುವೆ ಏನಾಯಿತೆಂಬುದನ್ನು ಆತನು ಹೇಳಲೇಬೇಕು.

ತಡವಾದ ಕರ್ಮದ ವಿಷಯದಲ್ಲಿ ನಮ್ಮ ಆಚಾರವು ಏನು ಮಾಡುತ್ತದೆಂಬುದನ್ನು ಇಲ್ಲಿ ನೆನೆಯುವುದು ಅನುಚಿತವಾಗದು. ಸಂಧ್ಯೆಯ ಹೊತ್ತು ಮೀರಿದವನಿಗೆ, ಇಂದು ನಿನಗೆ ಅರ್ಘ್ಯವಿಲ್ಲ, ಎದ್ದುಹೋಗೆಂದು ಶಾಸ್ತ್ರವು ಹೇಳುವುದಿಲ್ಲ; ಹೊತ್ತಾಗದವನಂತೆ ನಟಿಸೆಂದೂ ಹೇಳುವುದಿಲ್ಲ. ಕಾಲಾತೀತ ಪ್ರಾಯಶ್ಚಿತ್ತವೆಂದು ಬಾಯಿಬಿಟ್ಟು ಸಂಕಲ್ಪಿಸಿ ಒಂದು ಅರ್ಘ್ಯವನ್ನು ಹೆಚ್ಚಾಗಿ ಕೊಟ್ಟು, ಆಮೇಲೆ ಕರ್ಮವನ್ನು ಮುಂದುವರಿಸಬೇಕು. ನ್ಯಾಯಾಲಯಗಳು ತಿದ್ದುಪಡಿಗೆ ವಿಧಿಸುವ ಖರ್ಚು ಈ ಬಗೆಯದಾಗಿರಬೇಕಾಗಿತ್ತು. ಅದು ಅನೇಕ ವೇಳೆ ಬಾಗಿಲ ಸುಂಕವಾಗಿಬಿಟ್ಟಿರುವುದೇ ವ್ಯಥೆ. ಐನೂರೋ ಸಾವಿರವೋ ತೆತ್ತು ಒಳಗೆ ಬರುವವನು ತನ್ನ ತಡವನ್ನು ಒಪ್ಪಿಕೊಂಡಂತಾಗುವುದಿಲ್ಲ. ಒಪ್ಪಿಕೊಳ್ಳುವುದೆಂದರೆ, ಯಾವ ದಿನ ತಿಳಿಯಿತು, ಹೇಗೆ ತಿಳಿಯಿತು, ತಿಳಿದಮೇಲೆ ಎಷ್ಟು ದಿನ ಸುಮ್ಮನಿದ್ದೆ, ಏಕೆ ಸುಮ್ಮನಿದ್ದೆ ಎಂಬುದನ್ನು ಪ್ರಮಾಣಪೂರ್ವಕವಾಗಿ ಹೇಳುವುದು. ಅಚಾತುರ್ಯದಿಂದ ಬಿಟ್ಟುಹೋಯಿತೆಂಬ ಒಂದು ವಾಕ್ಯ ಅದಕ್ಕೆ ಸಮನಲ್ಲ.

ಆದುದರಿಂದ ಆ ಇನ್ನೂರು ಮೂಟೆಗಳ ದಾವೆಯಲ್ಲಿ ಅರ್ಜಿಯನ್ನು ಇಡಿಯಾಗಿ ಒಪ್ಪುವುದೂ ಇಡಿಯಾಗಿ ತಳ್ಳುವುದೂ ನನಗೆ ಸಮ್ಮತವಲ್ಲ. ಪ್ರತಿವಾದಿಯ ಕಟ್ಟಿನಲ್ಲಿಯೇ ಅಡಗಿದ್ದ ಕಾಗದದಿಂದ ಹುಟ್ಟಿದ ಆರೋಪವನ್ನು ಒಳಗೆ ಬಿಡಬೇಕು. ಅದು ತಡವಾದುದಕ್ಕೆ ಕಾರಣ ಬಚ್ಚಿಟ್ಟವನೇ. ಆದರೆ ಕಾಗದವು ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನು, ದಿನಾಂಕದೊಡನೆ, ಮೂಟೆಗಳ ವಿವರದೊಡನೆ ಮಾತ್ರ ಬರೆಯಲು ಬಿಡಬೇಕು. ಆತನ ಹಿಂದಿನ ವ್ಯವಹಾರಗಳನ್ನೆಲ್ಲ ಮಸಿಮಾಡುವ ಸಾಮಾನ್ಯ ನಿಂದೆಯನ್ನು ಹೊಡೆದುಹಾಕಬೇಕು. ತೂಕದ ಆರೋಪವನ್ನು ತಳ್ಳಬೇಕು: ಚೀಟಿ ವಾದಿಯ ಪೆಟ್ಟಿಗೆಯಲ್ಲಿತ್ತು, ಅದು ನಿಜವಾಗಿದ್ದರೂ ಮುಂದಿಡದ ನಿಜ. ಪ್ರತಿವಾದಿಗೆ ಹೆಚ್ಚುವರಿ ಉತ್ತರವನ್ನು ಸಲ್ಲಿಸಲೂ, ಆಗಲೇ ನುಡಿದುಹೋದ ಸಾಕ್ಷಿಗಳನ್ನು ವಾದಿಯ ಖರ್ಚಿನಲ್ಲಿ ಮರಳಿ ಕರೆಯಿಸಲೂ ಅವಕಾಶ ಕೊಡಬೇಕು; ಏಕೆಂದರೆ ಆ ಕಾಗದವನ್ನು ಯಾರು, ಯಾವ ಮೂಟೆಗಳನ್ನು ಕುರಿತು ಬರೆದರೆಂಬುದಕ್ಕೆ ಆತನಲ್ಲಿಯೂ ಒಂದು ಉತ್ತರವಿರಬಹುದು, ಅದನ್ನು ಇನ್ನೂ ಯಾರೂ ಕೇಳಿಲ್ಲ.